ತುಟಿ ಕೂಡದ ವೀರರು

ನಮ್ಮ ಪಕ್ಕದ ಮನೆಯ ರಾಮಲಿಂಗಯ್ಯನವರಿಗೆ ಕಿವಿ ಕೇಳುವುದಿಲ್ಲ. ಹುಟ್ಟು ಕಿವುಡಲ್ಲ, ಮಗ್ಗದ ಕಿವುಡು. ದೊಡ್ಡಬಳ್ಳಾಪುರದಲ್ಲಿ ಈ ಎರಡರ ವ್ಯತ್ಯಾಸವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪವರ್‌ಲೂಮ್ ಖಟಖಟ ಅನ್ನುವ ಮನೆಯಲ್ಲೇ ಹುಟ್ಟಿ, ಅದರ ಮುಂದೆ ನಿಂತೇ ಸೀರೆ ನೇಯ್ದು ಮುದುಕರಾದವರು ಅವರು. ಆ ಸದ್ದಿಗೆ ಕಿವಿ ಎಷ್ಟು ಕಾಲ ತಾಳೀತು? ಕರೆಂಟು ಹೋದಾಗ ನಮ್ಮ ಬೀದಿಯವರಿಗೆ ಹಕ್ಕಿ ಕೂಗುವುದಾದರೂ ಕೇಳಿಸುತ್ತದೆ, ಅವರಿಗೆ ಅದೂ ಇಲ್ಲ.

ಕಿವಿ ಹೋದ ಜಾಗಕ್ಕೆ ಕಣ್ಣು ಬಂತು. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳದ ಕಾರಣ ನಾವೆಲ್ಲ ತುಟಿ ನೋಡಿಯೇ ಅಷ್ಟಿಷ್ಟು ಮಾತು ತಿಳಿದುಕೊಳ್ಳುತ್ತೇವೆ. ನಾನು ನೂಲು ಸುತ್ತುವವಳು. ಎದುರು ನಿಂತವರ ಮಾತು ನನಗೂ ತಿಳಿಯುತ್ತದೆ. ಆದರೆ ರಾಮಲಿಂಗಯ್ಯನವರ ದಾರಿಯೇ ಬೇರೆ. ರಸ್ತೆಯಾಚೆ ಅರ್ಧ ಮುಖ ತಿರುಗಿಸಿ ನಿಂತವರದನ್ನೂ ಓದಿಬಿಡುತ್ತಾರೆ. ಇದು ಮನೆಯವರಿಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಹೊತ್ತು ಯಾರಾದರೂ ಅವರ ಮುಂದೆ ಕೂತಿದ್ದರೆ ತಾನೆ? ಮಗ ರವಿಶಂಕರ ಏನಾದರೂ ಹೇಳಬೇಕಾದರೆ ಮುಖದ ಹತ್ತಿರ ಬಂದು, ಬಾಯಿ ಅಗಲಿಸಿ, ಕೂಸಿಗೆ ಹೇಳಿದಂತೆ "ಊಟ" ಅನ್ನುತ್ತಿದ್ದ. ಸೊಸೆ ಅಷ್ಟನ್ನೂ ಅನ್ನುತ್ತಿರಲಿಲ್ಲ, ತಟ್ಟೆ ಇಟ್ಟು ಹೋಗುತ್ತಿದ್ದಳು.

ಇದನ್ನು ಕಂಡುಹಿಡಿದವಳು ಕಿರಿಯ ಮೊಮ್ಮಗಳು ಸ್ನೇಹ, ನಾಲ್ಕನೇ ಕ್ಲಾಸಿನ ಹುಡುಗಿ. ಅದೂ ಟೀವಿಯ ಮುಂದೆ.

ಸಂಜೆ ಕನ್ನಡಕ್ಕೆ ಡಬ್ ಮಾಡಿದ ಒಂದು ಕಾರ್ಟೂನು ಬರುತ್ತದೆ. ಲೋಕ ಕಾಯುವ ಐವರ ತಂಡ. ಒಬ್ಬ ಹಾರುತ್ತಾನೆ, ಚೌಕಾಕಾರದ ದವಡೆ, ಅವನೇ ಲೀಡರು. ಇನ್ನೊಬ್ಬ ಓಡುತ್ತಾನೆ, ಅವನಿಗೆ ಬಾಯಿ ಜಾಸ್ತಿ. ಒಬ್ಬಳು ಹುಡುಗಿ, ಕೈ ಎತ್ತಿದರೆ ಬೆಳಕು. ಎಂಥ ಯುದ್ಧ ನಡೆದರೂ ಅವಳ ಕೂದಲು ಕೆದರುವುದಿಲ್ಲ. ಕಪ್ಪಗೆ ದಪ್ಪಗಿರುವ ಇನ್ನೊಬ್ಬನಿಗೆ ಬಲ ಕೊಟ್ಟು ಬುದ್ಧಿ ಕಿತ್ತುಕೊಂಡಿದ್ದಾರೆ; ಏಟು ತಿನ್ನುವುದು, ತಿಂದು ಹಲ್ಲು ಕಿರಿಯುವುದು ಅವನ ಕೆಲಸ. ಐದನೆಯದು ನಾಯಿ. ಅದಕ್ಕೂ ಒಂದು ಶಕ್ತಿಯುಂಟು. ಎಲ್ಲರಿಗೂ ಶಕ್ತಿ ಬಂದದ್ದು ಅಪಘಾತದಿಂದಲೇ. ಸಿಡಿಲು ಬಡಿಯಿತು, ಯಂತ್ರ ಸಿಡಿಯಿತು, ಬೆಳಗ್ಗೆ ಎದ್ದರೆ ಮೈಗೆ ಅಂಟಿದ ಬಣ್ಣದ ಬಟ್ಟೆ, ಊರೆಲ್ಲ ಚಪ್ಪಾಳೆ. ನಮ್ಮ ಬೀದಿಯಲ್ಲೂ ಯಂತ್ರ ಮನುಷ್ಯರ ಮೈ ತಿನ್ನುತ್ತದೆ. ಆದರೆ ನಮಗೆ ಯಾವ ಪುಣ್ಯಾತ್ಮನೂ ಬಟ್ಟೆ ಹೊಲಿಸಿಕೊಟ್ಟಿಲ್ಲ.

ಒಂದು ಸಂಜೆ ರಾಮಲಿಂಗಯ್ಯನವರು ಮೊಮ್ಮಗಳ ಪಕ್ಕ ಕೂತು ಅದನ್ನೇ ನೋಡುತ್ತಿದ್ದರು. ನಾನು ಹಾಲಿನ ಪಾತ್ರೆ ವಾಪಸು ಕೊಡಲು ಹೋದವಳು ಬಾಗಿಲಲ್ಲೇ ನಿಂತಿದ್ದೆ.

"ಇವ್ರು ಮಾತೇ ಆಡ್ತಿಲ್ವಲ್ಲೇ," ಎಂದರು.

"ಆಡ್ತಿದಾರೆ ತಾತ. ಕನ್ನಡದಲ್ಲೇ ಆಡ್ತಿದಾರೆ."

"ಯಾವ್ ಸೀಮೆ ಕನ್ನಡ? ಅಪ್ಪ, ಅಮ್ಮ, ಬಾ ಅನ್ನೋವಾಗ ತುಟಿ ಕೂಡ್ಬೇಕು. ಇವ್ರ ತುಟಿ ಕೂಡೋದೇ ಇಲ್ಲ. ಮೇಕೆ ಮೇವು ಅಗ್ದಂಗೆ ಸುಮ್ನೆ ಬಾಯಿ ಆಡಿಸ್ತಾರೆ."

ಸ್ನೇಹ ಟೀವಿಯ ಸದ್ದು ಪೂರ್ತಿ ಇಳಿಸಿ, ತಾನೂ ನೋಡಿದಳು. ಹೌದಲ್ಲ ಅನ್ನಿಸಿತು. ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ತಾತನನ್ನು ಜಗಲಿಗೆ ಎಳೆದುಕೊಂಡು ಹೋಗಿ, ಎದುರಿನ ಅಂಗಡಿಯ ಪಾಪಮ್ಮ ಗಿರಾಕಿಗೆ ಏನನ್ನುತ್ತಿದ್ದಾಳೆ ಹೇಳು ಎಂದಳು. "ಮೊಟ್ಟೆ ನಿನ್ನೇದಲ್ಲ, ಇವತ್ತಿಂದೇ ಅಂತ ಸುಳ್ಳು ಹೇಳ್ತಾವ್ಳೆ," ಎಂದರು ತಾತ. ಸ್ನೇಹ ಓಡಿಹೋಗಿ ಪಾಪಮ್ಮನನ್ನೇ ಕೇಳಿ ಬೈಸಿಕೊಂಡು ಬಂದಳು. ಅಂದಿನಿಂದ ಬೀದಿಯ ಮಕ್ಕಳ ತಂಡಕ್ಕೆ ತಾತ ಸೇರಿದರು. ಮಗ್ಗದಲ್ಲಿ ಉಳಿದ ನೇರಳೆ ಸೀರೆಯ ತುಂಡನ್ನು ಹೆಗಲಿಗೆ ಕಟ್ಟಿಸಿಕೊಂಡು ಆ ಎಪ್ಪತ್ತರ ಮುದುಕರು ಜಗಲಿಯಲ್ಲಿ ಕೂರುವ ಚೆಂದವನ್ನು ನಾನು ನೋಡಿ ನಕ್ಕಿದ್ದೇನೆ. ಅವರೂ ನಗುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಕಾರ್ಟೂನಿನ ಮಾತು ಕೇಳದವರಿಗೆ ಅದರ ಕಥೆ ಬೇರೆಯೇ ಕಾಣುತ್ತದೆ. ಒಮ್ಮೆ ನನಗೆ ಹೇಳಿದರು: "ಆ ದಪ್ಪನೋನು ಒಬ್ನೇ ಕಣಮ್ಮ ಅಲ್ಲಿ ದುಡಿಯೋನು. ಏಟು ಇವನಿಗೆ, ಕೊನೇಲಿ ಮುಂದೆ ನಿಲ್ಲೋದು ಆ ಹಾರೋನು. ಮಾತು ಯಾಕ್ ಬೇಕು? ಯಾರು ಎಲ್ಲಿ ನಿಂತವ್ರೆ ನೋಡಿದ್ರೆ ಸಾಕು, ಯಾರಿಗೆ ಎಷ್ಟು ಬೆಲೆ ಗೊತ್ತಾಗ್ತದೆ."

ಆ ತಂಡದ ಪ್ರತಿಯೊಬ್ಬರಿಗೂ ಒಂದು ಶಕ್ತಿ, ಒಂದು ವೀಕ್‌ನೆಸ್. ಹಾರುವವನಿಗೆ ತಣ್ಣೀರು ಆಗದು, ಬೆಳಕಿನ ಹುಡುಗಿಗೆ ಕನ್ನಡಿ ಆಗದು. ಅದಿಲ್ಲದೆ ಮಕ್ಕಳ ಆಟ ಪೂರ್ತಿಯಾಗುವುದಿಲ್ಲ.

"ತಾತ, ನಿನ್ ವೀಕ್‌ನೆಸ್ ಏನು?" ಎಂದು ಸ್ನೇಹ ಕೇಳಿದಳು.

ಅವರು ಅವಳ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿದರು. "ಹಿಂಗೆ ತಿರುಗ್ಬಿಟ್ರೆ ಆಯ್ತು. ಆಮೇಲೆ ನಾನು ಬರೀ ಮುದುಕ."

ಮಕ್ಕಳಾಟ ಒಳಮನೆಗೂ ತಲುಪಿತು. ಇಷ್ಟು ವರ್ಷ ಮಾವನ ಎದುರೇ ಮಾವನ ಬಗ್ಗೆ ಬೇಕಾದ್ದು ಆಡಿಕೊಂಡಿದ್ದ ಸೊಸೆ ನಮ್ಮ ಮನೆಗೆ ಓಡಿ ಬಂದಳು. "ಅಷ್ಟೂ ಗೊತ್ತಾಗ್ತಿತ್ತಂತೆ ಅಕ್ಕ, ಕಳ್ಳರ ಥರ ಸುಮ್ನಿದ್ರು ನೋಡಿ," ಎಂದಳು. ಬೈದವಳಲ್ಲ, ಬೈಸಿಕೊಂಡು ಸುಮ್ಮನಿದ್ದವರು ಕಳ್ಳರು! ಅಂದಿನಿಂದ ಅವಳು ಗಂಡನೊಡನೆ ಮಾತಾಡಬೇಕಾದರೆ ಅಡುಗೆಮನೆಗೆ ಹೋಗುತ್ತಿದ್ದಳು.

ಈ ನಡುವೆ ಹಿರಿಯ ಮೊಮ್ಮಗಳು ಮೇಘನಳಿಗೆ ಸಂಬಂಧ ಬಂತು. ಇವಳನ್ನು ಎತ್ತಿ ಆಡಿಸಿದವರೇ ತಾತ. ಅವಳು ಹೈಸ್ಕೂಲಿನಲ್ಲಿದ್ದಾಗಿನಿಂದ ಅವರದು ಒಂದೇ ಮಾತು: "ಇವಳ ಧಾರೆ ಸೀರೆ ನಾನೇ ನೇಯ್ತೀನಿ. ಅದನ್ನ ಉಟ್ಕೊಂಡು ಹಸೆಮಣೆ ಮೇಲೆ ಕೂತಿದ್ದನ್ನ ನೋಡ್ಬಿಟ್ರೆ ಮುಗೀತು, ಇನ್ನೇನೂ ಬೇಡ." ಮಗ್ಗಗಳನ್ನೆಲ್ಲ ಮಗ ನೋಡಿಕೊಳ್ಳುತ್ತಿದ್ದರೂ ಹಳೆಯದೊಂದನ್ನು ಅದಕ್ಕೇ ಇಟ್ಟುಕೊಂಡಿದ್ದರು. ಮಾತುಕತೆ ಶುರುವಾದ ದಿನವೇ ಅದಕ್ಕೆ ಕೆಂಪು ರೇಷ್ಮೆಯ ಹಾಸು, ಅಂದರೆ ಉದ್ದೆಳೆ, ಏರಿಸಿದರು.

ಗಂಡಿನ ಕಡೆಯವರು ದೇವನಹಳ್ಳಿಯವರು. ಹುಡುಗನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ, ಸ್ವಂತ ಮನೆ. ಹೆಣ್ಣು ನೋಡಲು ಬರುವ ಹಿಂದಿನ ದಿನ ಸೊಸೆಗೆ ಮಾವನ ಶಕ್ತಿಯ ನೆನಪಾಯಿತು. "ಮಾವನ್ನ ಎದುರುಗಡೆ ಕುರ್ಚೀಲಿ ಕೂರ್ಸೋಣ. ಅವರವರಲ್ಲೇ ಏನ್ ಪಿಸುಗುಟ್ತಾರೆ ಗೊತ್ತಾಗ್ಲಿ," ಎಂದಳು. ಕಳ್ಳರು ಒಂದೇ ರಾತ್ರಿಗೆ ವೀರರಾದರು. ಅವರಿಗೆ ಹೊಸ ಪಂಚೆ, ಹಣೆಗೆ ವಿಭೂತಿ, ನಡುವೆ ಕುರ್ಚಿ.

ಬಂದವರಲ್ಲಿ ಹುಡುಗನ ಅಜ್ಜಿ ಬನಶಂಕರಮ್ಮನೂ ಇದ್ದರು. ಬೆಳ್ಳಗೆ, ನೆಟ್ಟಗೆ, ಕೂದಲನ್ನು ಕಿವಿ ಮುಚ್ಚುವ ಹಾಗೆ ಬಾಚಿದ್ದರು. ಮಿಕ್ಕವರು ಉಪ್ಪಿಟ್ಟು ತಿನ್ನುತ್ತ ಚೌಟ್ರಿ, ತಾರೀಖು ಮಾತಾಡುತ್ತಿದ್ದಾಗ ಆಕೆ ರಾಮಲಿಂಗಯ್ಯನವರನ್ನೇ ನೋಡುತ್ತಿದ್ದರಂತೆ. ಆಮೇಲೆ ಸದ್ದಿಲ್ಲದೆ ತುಟಿ ಆಡಿಸಿದರಂತೆ, ಮಗ್ಗದ ಮುಂದೆ ನಿಂತವರು ಆಡಿಸುವ ಹಾಗೇ. ಅದನ್ನು ರಾಮಲಿಂಗಯ್ಯನವರೇ ನನಗೆ ಒಂದೊಂದು ಮಾತಾಗಿ ಹೇಳಿದ್ದು, ಹೇಳುವಾಗ ಆಕೆಯ ಹಾಗೆಯೇ ತುಟಿ ಆಡಿಸಿದ್ದರು.

"ಮಗ್ಗದ್ದಾ?"

"ಮಗ್ಗದ್ದೇ," ಎಂದು ಇವರೂ ಸದ್ದಿಲ್ಲದೆ ಹೇಳಿದರು.

"ನಂದೂ ಒಂದು ಕಿವಿ ಹೋಗಿದೆ. ಕಿವಿ ಮಿಷನ್ ಕಾಣದ ಹಾಗೆ ಕೂದಲಲ್ಲಿ ಮುಚ್ಚಿದೀನಿ."

ಇವರ ಮುಖ ಅರಳಿತಂತೆ. ತನ್ನ ಭಾಷೆ ಆಡುವವರ ಮನೆಗೇ ಮೊಮ್ಮಗಳು ಹೋಗುತ್ತಾಳಲ್ಲ ಅಂತ ಸಂತೋಷಪಟ್ಟರಂತೆ. ಆ ಕಾರ್ಟೂನನ್ನು ಅಷ್ಟು ದಿನ ನೋಡಿದವರಿಗೆ ಒಂದು ತಿಳಿದಿರಬೇಕಿತ್ತು. ಅಲ್ಲಿ ತಂಡವನ್ನು ಮುರಿಯುವವನು ಯಾವಾಗಲೂ ಅದೇ ಶಕ್ತಿ ಇರುವ ಇನ್ನೊಬ್ಬನೇ.

"ಹುಡುಗಿ ನಮಗೆ ಒಪ್ಪಿಗೆ," ಎಂದರು ಬನಶಂಕರಮ್ಮ. "ನೀವು ಮದುವೆಗೆ ಬರಬೇಡಿ."

"ಯಾಕೆ?"

"ವಂಶದಲ್ಲೇ ಕಿವುಡು ಇದೆ ಅಂತಾರೆ ನಮ್ ನೆಂಟರು."

"ಇದು ರಕ್ತದ್ದಲ್ಲ ಅಂತ ನಿಮಗೇ ಗೊತ್ತಲ್ಲ."

"ನಂಗೊತ್ತು. ಹೇಳೋಕಾಗಲ್ಲ. ನಾವು ಮಗ್ಗದೋರು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಧಾರೆ ಎರೆಯೋಕೆ ಮಗ ಇದಾನಲ್ಲ, ಸಾಕು. ನೀವು ಬರೋದಾದ್ರೆ ಈ ಸಂಬಂಧ ಇಲ್ಲ."

ಇಷ್ಟು ಹೇಳಿ ಆಕೆ ಎಲ್ಲರಿಗೂ ಕೇಳುವ ಹಾಗೆ, "ಕಾಫಿ ಚೆನ್ನಾಗಿದೆ," ಎಂದರಂತೆ.

ಬಂದವರ ಕಾರು ತಿರುವಿನಲ್ಲಿ ಮರೆಯಾಗುತ್ತಲೇ ಮಗ, ಸೊಸೆ, ಮೇಘನ ಮೂವರೂ ಅವರ ಕುರ್ಚಿ ಸುತ್ತಿಕೊಂಡರು. ಹೇಳಿ, ಏನಂದ್ರು, ಆ ಅಜ್ಜಿ ಏನಂದ್ರು. ಅವರು ಹೇಳಿಬಿಟ್ಟರು. ತನ್ನ ದನಿ ತನಗೇ ಕೇಳದವರು, ಎಷ್ಟು ಜೋರಾಗಿ ಹೇಳಿದರೆಂದರೆ ನಮ್ಮ ಮನೆಯೊಳಗೆ ನೂಲು ಸುತ್ತುತ್ತಿದ್ದ ನನಗೂ ಕೇಳಿಸಿತು. "ನಾನು ಮದುವೆಗೆ ಬರಬಾರ್ದಂತೆ. ಬಂದ್ರೆ ಸಂಬಂಧ ಇಲ್ವಂತೆ."

ಆಗ ಅವರ ಮನಸ್ಸಿನಲ್ಲಿ ಇದ್ದದ್ದನ್ನೂ ಹೇಳಬೇಕು, ಅವರು ನನಗೆ ಹೇಳಿದ್ದಾರೆ. ರವಿ ಕೆರಳುತ್ತಾನೆ, ಅಂಥವರ ಮನೆ ಬೇಡ ಅನ್ನುತ್ತಾನೆ. ಮೇಘನ ಅಳುತ್ತಾಳೆ. ಆಗ ತಾನೇ ಸಮಾಧಾನ ಮಾಡಬೇಕು: ಹೋಗ್ಲಿ ಬಿಡಪ್ಪ, ಒಳ್ಳೇ ಹುಡುಗ, ನನ್ನಿಂದ ತಪ್ಪೋದು ಬೇಡ, ನಾನು ಮನೇಲೇ ಇರ್ತೀನಿ. ಈ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಮಾಡಿ ಇಟ್ಟುಕೊಂಡಿದ್ದರು. ತಾನಾಗಿ ಬಿಟ್ಟುಕೊಡುವ ದೊಡ್ಡತನವಾದರೂ ತನಗೆ ಸಿಗುತ್ತದೆ ಅಂದುಕೊಂಡಿದ್ದರು ಪಾಪ.

ರವಿಶಂಕರ ಹೆಂಡತಿಯ ಮುಖ ನೋಡಿದ. ಆಮೇಲೆ ಅಪ್ಪನಿಗೆ ಬೆನ್ನು ತಿರುಗಿಸಿ ನಿಂತ. ಸೊಸೆಯೂ ತಿರುಗಿದಳು. ಅಡುಗೆಮನೆಗೆ ಹೋಗುವಷ್ಟು ಮರ್ಯಾದೆಯನ್ನೂ ಈ ಸಲ ಉಳಿಸಲಿಲ್ಲ, ಅಲ್ಲೇ, ಒಂದು ಮಾರು ದೂರದಲ್ಲಿ, ಗೋಡೆ ನೋಡಿಕೊಂಡು ಮಾತಾಡಿದರು. ರಾಮಲಿಂಗಯ್ಯನವರು ಮೇಘನಳ ಮುಖ ನೋಡಿದರು. ಅವಳೂ ಅವರನ್ನೇ ನೋಡುತ್ತ ಒಂದು ಗಳಿಗೆ ನಿಂತಿದ್ದಳಂತೆ. ಆಮೇಲೆ ಅಪ್ಪ ಅಮ್ಮನ ಪಕ್ಕ ಹೋಗಿ ಅವಳೂ ಗೋಡೆ ಕಡೆ ತಿರುಗಿದಳು. ಅವಳ ಜಡೆ ಅಲ್ಲಾಡುತ್ತಿತ್ತು, ಅಂದರೆ ಅವಳೂ ಏನೋ ಹೇಳುತ್ತಿದ್ದಳು. ಬೇಡ ಅಂತಲೋ ಆಗಲಿ ಅಂತಲೋ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಅವರು ನೋಡಿಕೊಂಡಿದ್ದ ಗೋಡೆಯ ಈಚೆಗೇ ಇದ್ದ ನನಗೆ ಕೇಳಿಸಿತ್ತು. "ಸೀರೆ ಮಾತ್ರ ತಾತ ನೇಯ್ದಿದ್ದೇ ಇರ್ಲಿ ಅಪ್ಪ, ಚೆನ್ನಾಗಿ ಬರ್ತಿದೆ," ಎಂದಳು. ಅಷ್ಟೇ.

ಕೊನೆಗೆ ರವಿಶಂಕರ ತಿರುಗಿದ. ಅಪ್ಪನ ಮುಖದ ಹತ್ತಿರ ಬಂದು ಬಾಯಿ ಅಗಲಿಸಿ, "ಊಟ" ಎಂದ.

ಸೀರೆಯನ್ನು ಅವರು ಮುಗಿಸಿದರು. ನಾನಾಗಿದ್ದರೆ ಹಾಸು ಕತ್ತರಿಸಿ ಬಿಸಾಡುತ್ತಿದ್ದೆ; ಅವರು ಸೆರಗಿನಲ್ಲಿ ಗಂಡಭೇರುಂಡ ಕೂರಿಸಿದರು. ಮದುವೆ ದೇವನಹಳ್ಳಿಯಲ್ಲೇ ಆಯಿತು. ನಮ್ಮ ಬೀದಿಯವರಿಗೆ ಯಾರಿಗೂ ಪತ್ರಿಕೆ ಬರಲಿಲ್ಲ. ನೇಕಾರರ ಬೀದಿಯವರು ಹೋದರೆ ಬನಶಂಕರಮ್ಮನ ಕೂದಲು ಸರಿದುಬಿಡುತ್ತದಲ್ಲ. ಧಾರೆಯ ಹೊತ್ತಿಗೆ ನಾನು ಅನ್ನ ಸಾರು ತೆಗೆದುಕೊಂಡು ಹೋದೆ. ಮುದುಕರು ಹಗಲು ಮತ್ತೆ ತೋರಿಸುವ ಅದೇ ಕಾರ್ಟೂನು ಹಾಕಿಕೊಂಡು ಕೂತಿದ್ದರು. ಹಾರುವವನು ಏನೋ ಭಾಷಣ ಮಾಡುತ್ತಿದ್ದ. ದಪ್ಪನೆಯವನು ಅವನ ಹಿಂದೆ, ನಾಯಿಗಿಂತಲೂ ಹಿಂದೆ ನಿಂತಿದ್ದ.

ಮಾರನೆಯ ಸಂಜೆ ಎಲ್ಲರೂ ವಾಪಸಾದರು. ನಾನು ತಟ್ಟೆ ತರಲು ಹೋಗಿದ್ದೆ. ಸ್ನೇಹ ರೇಷ್ಮೆ ಲಂಗದಲ್ಲೇ ತಾತನ ಹತ್ತಿರ ಓಡಿ ಬಂದು, ಅಕ್ಕನ ಸೀರೆ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು ಎಂದು ಹೇಳಿದಳು. ತಾತ ಕಿವಿ ಕೇಳುವವರ ಹಾಗೆ ಬಗ್ಗಿ ಕೂತು ಅವಳ ಬಾಯನ್ನೇ ನೋಡುತ್ತಿದ್ದರು.

"ನೇಯ್ದೋರು ಎಲ್ಲಿ ಅಂತ ಯಾರಾದ್ರೂ ಕೇಳಿದ್ರಾ?"

ಮಗು ಮೆಲ್ಲಗೆ ಗೋಡೆಯ ಕಡೆ ತಿರುಗಿ ನಿಂತು ಹೇಳಿತು: "ತಾತ ತೀರ್ಕೊಂಡು ಎರಡು ವರ್ಷ ಆಯ್ತು ಅಂತ ಅಪ್ಪ ಹೇಳಿದ್ರು."

ರಾಮಲಿಂಗಯ್ಯನವರು ಅವಳ ಬೆನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, "ಏನಂದ್ಲಮ್ಮ?" ಎಂದರು. ಆ ಮನೆಯಲ್ಲಿ ಎಲ್ಲರೂ ಅವರಿಗೆ ಬೆನ್ನು ತೋರಿಸಿಯಾಗಿತ್ತು, ನಾನೊಬ್ಬಳು ತೋರಿಸಲಾರೆ ಅನ್ನಿಸಿತು. ಎದುರು ನಿಂತು, ತುಟಿ ಸರಿಯಾಗಿ ಆಡಿಸಿ, ಅಂದದ್ದನ್ನು ಅಂದ ಹಾಗೇ ಹೇಳಿದೆ.

ಅವರು ಕೈಬೆರಳು ನೋಡಿಕೊಂಡರು. ಬೆರಳ ಸಂದಿಯಲ್ಲಿ ಇನ್ನೂ ಕೆಂಪು ರೇಷ್ಮೆಯ ಎಳೆ ಇತ್ತು. ಆಮೇಲೆ ಮೊಮ್ಮಗಳ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಏನಾಗಿ ಸತ್ತೆ ಅಂತ ಹೇಳ್ದ?"

"ಹಾರ್ಟ್ ಅಟ್ಯಾಕ್ ತಾತ," ಎಂದಳು ಸ್ನೇಹ, ಈ ಸಲ ಅವರ ಮುಖ ನೋಡಿಕೊಂಡೇ.

ಅವರು ತಲೆಯಾಡಿಸಿ, ಪಕ್ಕಕ್ಕೆ ಸರಿದು, ಅವಳಿಗೆ ಕೂರಲು ಜಾಗ ಬಿಟ್ಟರು.