ಸಲೂನಿನ ಬೋದಿಲ್, ಆಂಬುಲೆನ್ಸಿನ ಇಂಗ್ವಾರ್

ನಮ್ಮೂರಲ್ಲಿ ಅರ್ಧ ಕಟಿಂಗ್ ಆದ ತಲೆ ಹೊತ್ತು ಓಡಾಡುವವರನ್ನು ಕಂಡರೆ ಯಾರೂ ನಗುವುದಿಲ್ಲ. "ಓ, ಬೋದಿಲ್‌ಗೆ ಕರೆ ಬಂತೇನೋ" ಅನ್ನುತ್ತಾರೆ, ಅಷ್ಟೆ. ಊರಿಗಿರುವ ಒಂದೇ ಸಲೂನು ಅವಳದು. ಸೊಂಟಕ್ಕೆ ಸಿಕ್ಕಿಸಿದ ಪೇಜರ್ ಕಿರುಚಿತೆಂದರೆ ಕತ್ತರಿಯನ್ನು ಅಲ್ಲೇ ಬಿಟ್ಟು, ರಸ್ತೆ ದಾಟಿ, ಎದುರಿನ ಅಗ್ನಿಶಾಮಕ ಠಾಣೆಗೆ ಓಡುತ್ತಾಳೆ. ಕುರ್ಚಿಯಲ್ಲಿದ್ದವರು ಕುತ್ತಿಗೆಯ ಬಟ್ಟೆ ತಾವೇ ಬಿಚ್ಚಿಟ್ಟು, ಉಣ್ಣೆ ಟೊಪ್ಪಿ ಎಳೆದುಕೊಂಡು ಮನೆಗೆ ಹೋಗುತ್ತಾರೆ.

ನಾನು ಟೂರೆ. ಊರಿನ ದಿನಸಿ ಅಂಗಡಿ ನನ್ನದು, ಠಾಣೆಯ ಗಾಡಿ ಓಡಿಸುವುದೂ ನಾನೇ. ಸ್ವೀಡನ್ನಿನ ಈ ಬಡಗಣ ಕಾಡೂರುಗಳಲ್ಲಿ ಪೂರ್ತಿ ಸಂಬಳದ ಅಗ್ನಿಶಾಮಕರು ಎಲ್ಲಿಂದ ಬರಬೇಕು? ನಾವೇ, ನಮ್ಮ ನಮ್ಮ ಕೆಲಸದ ನಡುವೆ. ಬೆಂಕಿ ಅಂತ ಹೋಗುವುದು ಅಪರೂಪ. ಎದೆನೋವು, ಉಸಿರಾಟದ ತೊಂದರೆ, ಸ್ನಾನದ ಮನೆಯಲ್ಲಿ ಜಾರಿ ಬಿದ್ದವರು, ನಮಗೆ ಬರುವ ಕರೆಗಳು ಹೆಚ್ಚಾಗಿ ಇಂಥವೇ. ಆಂಬುಲೆನ್ಸು ಪಟ್ಟಣದಿಂದ ಬರಬೇಕು. ದಾರಿ ದೂರ, ಹಿಮ ಬಿದ್ದರೆ ಇನ್ನೂ ದೂರ. ಅದು ಬರುವ ತನಕ ಜೀವ ಹಿಡಿದಿಡುವುದು ನಮ್ಮ ಪಾಲು.

ಜನ ಸಾಲದೆ ಠಾಣೆ ಮುಚ್ಚುವ ಮಾತು ಬಂದಾಗ ಬೋದಿಲ್‌ಳನ್ನು ಕೇಳಿದವನು ನಾನು. ಅವಳ ಕುರ್ಚಿಯಲ್ಲೇ ಕೂತಿದ್ದೆ.

"ನನ್ನ ಕೈಲಾಗಲ್ಲ ಕಣೋ ಟೂರೆ. ರಕ್ತ ಕಂಡ್ರೆ ತಲೆ ಸುತ್ತುತ್ತೆ."

"ನನ್ನ ಕಿವಿ ಎಷ್ಟು ಸಲ ಕುಯ್ದಿದ್ದೀಯ, ಆಗೆಲ್ಲ ಸುತ್ತಲಿಲ್ವಲ್ಲ?"

"ಅದು ನಿನ್ನ ರಕ್ತ. ಅದು ಲೆಕ್ಕಕ್ಕಿಲ್ಲ."

ಆದರೂ ಮರುವಾರ ತರಬೇತಿಗೆ ಬಂದಳು. ಕುಳ್ಳಗಿನ ಹೆಂಗಸು, ಆಗಲೇ ನಲವತ್ತು ದಾಟಿತ್ತು. ನಮ್ಮ ಠಾಣೆಯ ಅತಿ ಚಿಕ್ಕ ಬೂಟೂ ಅವಳಿಗೆ ದೊಡ್ಡದಾಯಿತು. ಎರಡೆರಡು ಕಾಲುಚೀಲ ತೊಟ್ಟು ಹಾಕಿಕೊಂಡಳು.

ಅವಳ ಮೊದಲ ಕರೆ ಮರದ ಲಾರಿ ಓಡಿಸುತ್ತಿದ್ದ ಹೆನ್ನಿಂಗ್‌ನ ಮನೆಗೆ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದ, ಉಸಿರಿರಲಿಲ್ಲ. ನಾವು ಸರದಿಯಂತೆ ಎದೆ ಒತ್ತುತ್ತಿದ್ದಾಗ ಆಂಬುಲೆನ್ಸಿನ ನರ್ಸ್ ಇಂಗ್ವಾರ್ ಒಳಗೆ ಬಂದ. ಬಾಗಿಲು ತುಂಬುವಂಥ ಆಳು. ತಲೆ ಬೋಳು, ಗಡ್ಡ ಕೆಂಪು. ಬಂದವನೇ ಬೋದಿಲ್ ಮೇಲೆ ಹರಿಹಾಯ್ದ.

"ಏನು, ಹಾಸಿಗೆ ತಟ್ತಿದೀಯಾ? ಒತ್ತು! ಮೂಳೆ ಮುರಿದ್ರೆ ಮುರೀಲಿ!"

ಅವಳು ಒತ್ತಿದಳು. ಬೆವರು ಕಿತ್ತು ಬರುವ ತನಕ ಒತ್ತಿದಳು. ಹೆನ್ನಿಂಗ್ ಉಳಿಯಲಿಲ್ಲ.

ಹೊರಗೆ ಅಂಗಳಕ್ಕೆ ಬಂದ ಮೇಲೆ ಅವಳು ಇಂಗ್ವಾರನ ಎದೆಮಟ್ಟಕ್ಕೆ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನನ್ನನ್ನ ಬೈಯೋದಾದ್ರೆ ಹೊರಗೆ ಕರ್ಕೊಂಡು ಬಂದು ಬೈ. ಅವನ ಹೆಂಡ್ತಿ ಅಲ್ಲೇ ನಿಂತಿದ್ಲು. ಸಲೂನಿನೋಳು ಸರಿಯಾಗಿ ಒತ್ತಲಿಲ್ಲ, ಅದಕ್ಕೇ ಗಂಡ ಹೋದ ಅಂತ ಅವಳು ಸಾಯೋ ತನಕ ಅಂದ್ಕೋಬೇಕಾ?"

ಇಂಗ್ವಾರ್ ಗಡ್ಡ ಕೆರೆದುಕೊಂಡ. ಮತ್ತೆ ಒಳಗೆ ಹೋಗಿ, ಆ ಹೆಂಗಸಿನ ಎದುರು ನೆಲದ ಮೇಲೇ ಕೂತು, ಯಾರು ಒತ್ತಿದ್ದರೂ ಆ ಹೃದಯ ಮತ್ತೆ ಬಡಿಯುತ್ತಿರಲಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದ. ಮುಂದಿನ ರಜೆಯ ದಿನ ರಬ್ಬರಿನ ಗೊಂಬೆಯೊಂದನ್ನು ಹೆಗಲಿಗೇರಿಸಿಕೊಂಡು ನಮ್ಮ ಠಾಣೆಗೆ ಬಂದ. ಕೈ ಹೇಗಿಡಬೇಕು, ಮೈಭಾರ ಹೇಗೆ ಹಾಕಬೇಕು, ದಣಿವಾದರೆ ನಾಚಿಕೆಪಡದೆ ಹೇಗೆ ಬದಲಿ ಕೇಳಬೇಕು, ಎಲ್ಲ ಕಲಿಸಿದ. ಬೋದಿಲ್ ಅವನಿಗೆ ಕಲಿಸಿದ್ದೂ ಉಂಟು. ಬಚ್ಚಲಲ್ಲಿ ಬತ್ತಲೆ ಬಿದ್ದ ಮುದುಕನಿಗೆ ಮೊದಲು ಟವಲ್ ಹೊದಿಸಿ, ಆಮೇಲೆ ಹೆಸರು ಕೇಳುವುದನ್ನು ಅವನು ಅವಳನ್ನು ನೋಡಿಯೇ ರೂಢಿ ಮಾಡಿಕೊಂಡ.

ಆಮೇಲೆ ಈ ಕಡೆ ಬಂದಾಗಲೆಲ್ಲ ಅವನ ಆಂಬುಲೆನ್ಸು ಸಲೂನಿನ ಮುಂದೆ ನಿಲ್ಲುತ್ತಿತ್ತು. ಕಾಫಿ, ಏಲಕ್ಕಿ ಬನ್ನು, ಜೊತೆಗೊಂದು ಜಗಳ. "ನಿನ್ನ ತಲೇಲಿ ನನಗೆ ವ್ಯಾಪಾರ ಇಲ್ಲ, ಗಡ್ಡಾನಾದ್ರೂ ಕೊಡೋ" ಎಂದು ಅವಳು. "ಈ ಗಡ್ಡಕ್ಕೆ ಕೈ ಹಾಕಿದ್ರೆ ನನ್ನ ಹೆಂಡ್ತಿ ಡೀಸಾ ಕೊಡಲಿ ಹಿಡ್ಕೊಂಡು ಬರ್ತಾಳೆ" ಎಂದು ಅವನು.

ಹೀಗೆ ವರ್ಷಗಳು ಹೋದವು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಕಣ್ಣು ಬಿಡಲಾಗದಷ್ಟು ಬಿಸಿಲು, ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಲೆಯ ಮಾರ್ಗಿಟ್ ಟೀಚರ್ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಾಗ ಪೇಜರ್ ಹೊಡೆದುಕೊಂಡಿತು. ಕೆರೆಯ ಆಚೆದಡದ ಅಲ್ಫಿಲ್ಡ್ ಅಜ್ಜಿಗೆ ಉಸಿರು ಸಿಕ್ಕುತ್ತಿಲ್ಲ. ಬೋದಿಲ್ ಮತ್ತು ನಾನು ಹೋದೆವು. ಅಜ್ಜಿಯನ್ನು ಎತ್ತರಕ್ಕೆ ಕೂರಿಸಿ ಆಮ್ಲಜನಕ ಕೊಟ್ಟೆವು. ತುಟಿಯ ನೀಲಿ ಇಳಿಯಿತು, ಮಾತು ಶುರುವಾಯಿತು.

"ಬೋದಿಲ್, ನನ್ನ ಕೂದಲು ನೋಡೇ, ಹಂದಿ ಹೊರಳಾಡಿದ ಹುಲ್ಲಿನ ಹಾಗಿದೆ. ಆ ಕೆಂಪು ಗಡ್ಡದೋನು ಬರೋದ್ರೊಳಗೆ ಬಾಚು."

ಬೋದಿಲ್ ಬಾಚುತ್ತಿರುವಾಗಲೇ ಆಂಬುಲೆನ್ಸು ಬಂತು. ಇಂಗ್ವಾರ್ ಚೀಲ ಹಿಡಿದು ಇಳಿದ, ಅವನ ಜೊತೆಗಾತಿ ಅನ್ನೆಲಿ ಹಿಂದಿನ ಬಾಗಿಲು ತೆರೆಯುತ್ತಿದ್ದಳು. ಕಿಟಕಿಯಿಂದ ನೋಡುತ್ತಿದ್ದೆ. ಅವನು ಮೆಟ್ಟಿಲ ಹತ್ತಿರ ಬಂದ, ಕೈಕಂಬಿ ಹಿಡಿದ, ಏನೋ ಮರೆತವನ ಹಾಗೆ ಒಂದು ಗಳಿಗೆ ನಿಂತ. ಆಮೇಲೆ ಮುಖ ಕೆಳಗಾಗಿ ಹಿಮದಲ್ಲಿ ಬಿದ್ದ.

ಜಾರಿರಬೇಕು ಅಂದುಕೊಂಡೆ. ಬೋದಿಲ್ ಹಾಗಂದುಕೊಳ್ಳಲಿಲ್ಲ. ಬಾಚಣಿಗೆ ಅಜ್ಜಿಯ ತೊಡೆಯ ಮೇಲೆ ಬಿತ್ತು, ಅವಳು ಆಗಲೇ ಅಂಗಳದಲ್ಲಿದ್ದಳು. ಅವಳೂ ಅನ್ನೆಲಿಯೂ ಸೇರಿ ಅವನನ್ನು ಹೊರಳಿಸಿದರು. ಉಸಿರಿಲ್ಲ. ಬೋದಿಲ್ ಮಂಡಿಯೂರಿ ಒತ್ತತೊಡಗಿದಳು. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು. ಅವಳು ನಿಲ್ಲಿಸಲಿಲ್ಲ.

"ಟೂರೆ, ಶಾಕ್ ಮೆಷಿನ್ ತಾ! ಅವನ ಅಂಗಿ ಕತ್ತರಿಸು, ಎದೆ ಒರೆಸು, ಒದ್ದೆಯಾಗಿದೆ!"

ತಂದೆ, ಕತ್ತರಿಸಿದೆ, ಒರೆಸಿದೆ. ಮೆಷಿನ್ನಿನ ಹೆಣ್ಣುದನಿ ಎಲ್ಲರೂ ದೂರ ಸರಿಯಿರಿ ಎಂದಿತು. ಅಷ್ಟು ದೊಡ್ಡ ಮೈ ಒಮ್ಮೆ ನೆಗೆದು ಬಿತ್ತು. ಏನೂ ಇಲ್ಲ. ಈ ಸಲ ನಾನು ಒತ್ತಿದೆ, ಅನ್ನೆಲಿ ಸೂಜಿ ಚುಚ್ಚಿ ಔಷಧಿ ಹಾಕಿದಳು. ಬೋದಿಲ್ ಅವನ ತಲೆಯ ಹತ್ತಿರ ಕೂತು ಉಸಿರಿನ ಚೀಲದಿಂದ ಗಾಳಿ ಒತ್ತುತ್ತಾ, ಅಳುತ್ತಾ, ಬೈಯುತ್ತಿದ್ದಳು. "ಹೋದ್ರೆ ನೋಡು, ಗಡ್ಡ ಬೋಳಿಸಿ ಕಳಿಸ್ತೀನಿ. ಡೀಸಾ ಏನಾದ್ರೂ ಅನ್ಲಿ."

ಎರಡನೇ ಶಾಕಿಗೆ ಹೃದಯ ಮತ್ತೆ ಬಡಿಯತೊಡಗಿತು. ಇಂಗ್ವಾರ್ ಕೆಮ್ಮಿದ. ಅಷ್ಟು ಒಳ್ಳೆಯ ಕೆಮ್ಮು ನಾನು ಬದುಕಿನಲ್ಲಿ ಕೇಳಿಲ್ಲ.

ಹೆಲಿಕಾಪ್ಟರ್ ಕರೆದದ್ದಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಸದ್ದು. ಅಲ್ಫಿಲ್ಡ್ ಅಜ್ಜಿ ಆಮ್ಲಜನಕದ ಕೊಳವೆ ಮೂಗಲ್ಲಿಟ್ಟುಕೊಂಡೇ, ಹಾಸಿಗೆಯ ಮೇಲಿನ ಕಂಬಳಿಯನ್ನೆಲ್ಲ ಬಾಚಿಕೊಂಡು ಬಂದು ನಿಂತಿದ್ದಳು.

"ಅಜ್ಜೀ, ಒಳಗೆ ಹೋಗು! ನೀನು ರೋಗಿ!" ಎಂದು ಅನ್ನೆಲಿ ಕೂಗಿದಳು.

"ನನ್ನ ಎದೆ ಇಷ್ಟು ವರ್ಷದಿಂದ ಹೀಗೇ ಇದೆ, ಇನ್ನೊಂದು ಗಳಿಗೆ ಕಾಯುತ್ತೆ. ಅವನಿಗೆ ಹೊದಿಸ್ರೇ, ಹಿಮದ ಮೇಲೆ ಮಲಗಿಸಿದ್ದೀರಲ್ಲ!"

ಹೆಲಿಕಾಪ್ಟರ್ ಕೆರೆಯ ಮಂಜುಗಡ್ಡೆಯ ಮೇಲೆ ಇಳಿದು ಇಂಗ್ವಾರನನ್ನು ಕರಾವಳಿಯ ದೊಡ್ಡ ಆಸ್ಪತ್ರೆಗೆ ಒಯ್ದಿತು. ಅಜ್ಜಿಯನ್ನು ಆಂಬುಲೆನ್ಸಿಗೆ ಹತ್ತಿಸಿದೆವು. ಅವಳ ಜೊತೆ ಅನ್ನೆಲಿ ಹಿಂದೆ ಕೂರಲೇಬೇಕಿತ್ತು, ಹಾಗಾಗಿ ಗಾಡಿ ನಾನು ಓಡಿಸಿದೆ. ನಮ್ಮ ಠಾಣೆಯ ಗಾಡಿಯನ್ನು ಬೋದಿಲ್ ಒಬ್ಬಳೇ ವಾಪಸ್ ತಂದಳು.

ಅವಳು ಸಲೂನಿಗೆ ಬಂದಾಗ ಮಾರ್ಗಿಟ್ ಟೀಚರ್ ಅಲ್ಲೇ ಇದ್ದಳಂತೆ. ಬಣ್ಣ ತಾನೇ ತೊಳೆದುಕೊಂಡು, ಕಿತ್ತಳೆ ಬಣ್ಣಕ್ಕೆ ತಿರುಗಿದ ಕೂದಲನ್ನು ಒಣಗಿಸಿಕೊಂಡು, ಗಿರಾಕಿಗಳ ಫೋನಿಗೆ ಉತ್ತರ ಕೊಡುತ್ತಾ ಕೂತಿದ್ದಳು. ಬೋದಿಲ್ ಕತ್ತರಿ ಎತ್ತಿಕೊಂಡಳು. ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

"ಇಡೇ ಅದನ್ನ" ಅಂದಳು ಮಾರ್ಗಿಟ್. "ನೀನು ಕೂತ್ಕೋ." ಗಿರಾಕಿಗಳ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಕಾಫಿ ಕೈಗಿಟ್ಟು, ಹಿಂದೆ ನಿಂತು ಅವಳ ತಲೆ ಬಾಚಿದಳು. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ತಾನು ಕೂತದ್ದು ಅದೇ ಮೊದಲು ಎಂದು ಬೋದಿಲ್ ನನಗೆ ಆಮೇಲೆ ಹೇಳಿದಳು. ಕತ್ತಲಾಗುವ ತನಕ ಇಬ್ಬರೂ ಹಾಗೇ ಇದ್ದರಂತೆ.

ಕೆಲವು ದಿನ ಅವಳು ಪೇಜರ್ ಕಟ್ಟಿಕೊಳ್ಳಲಿಲ್ಲ. ನಾವೂ ಕೇಳಲಿಲ್ಲ. ಆಸ್ಪತ್ರೆಯಿಂದ ಇಂಗ್ವಾರನ ಫೋನ್ ಬಂದಾಗ ನಾನು ಅವಳ ಪಕ್ಕದಲ್ಲೇ ಇದ್ದೆ.

"ಎಷ್ಟು ಪಕ್ಕೆಲುಬು ಮುರಿದಿದ್ದೀಯ ಗೊತ್ತೇನೇ? ನಗೋಕಾಗಲ್ಲ, ಸೀನೋಕಾಗಲ್ಲ."

"ಮುರಿದ್ರೆ ಮುರೀಲಿ ಅಂದೋನು ಯಾರೋ?"

ಆ ಕಡೆ ನಗು, ಹಿಂದೆಯೇ "ಅಯ್ಯೋ, ಅಮ್ಮಾ" ಎಂಬ ನರಳಾಟ. ಬೋದಿಲ್ ಫೋನನ್ನು ನನ್ನ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮರುದಿನ ಪೇಜರ್ ಮತ್ತೆ ಸೊಂಟಕ್ಕೇರಿತು.

ಇಂಗ್ವಾರನಿಗೆ ಆಂಬುಲೆನ್ಸಿನ ಕೆಲಸ ಮುಗಿಯಿತು, ವೈದ್ಯರು ಬೇಡವೆಂದರು. ಈಗ ಸುತ್ತಮುತ್ತಲ ಊರುಗಳ ಠಾಣೆಗಳಿಗೆ ಹೋಗಿ ನಮ್ಮಂಥವರಿಗೆ ಕಲಿಸುತ್ತಾನೆ.

ಅಲ್ಫಿಲ್ಡ್ ಅಜ್ಜಿ ಬೇಸಿಗೆಯಲ್ಲಿ, ತನ್ನ ಮನೆಯಲ್ಲೇ, ನಿದ್ದೆಯಲ್ಲಿ ಹೋದಳು. ಅವಳ ಕೂದಲನ್ನು ಬೋದಿಲ್ ತೊಳೆದು, ಸುರುಳಿ ಮಾಡಿ, ಮುಡಿ ಕಟ್ಟಿದಳು. ಶವಪೆಟ್ಟಿಗೆ ಹೊರಲು ಬಂಧುಗಳು ಸಾಲದೆ ನಮ್ಮ ಠಾಣೆಯವರೇ ನಿಂತೆವು. ಇಂಗ್ವಾರ್ ಕಪ್ಪು ಕೋಟು ಹಾಕಿಕೊಂಡು ಡೀಸಾ ಜೊತೆ ಬಂದಿದ್ದ. ಸೀದಾ ಬಂದು ಮುಂದಿನ ಹಿಡಿಗೆ ಕೈ ಹಾಕಿದ.

"ನೀನು ಹೊರಬೇಡ" ಎಂದಳು ಬೋದಿಲ್.

"ಹೊರ್ತೀನಿ. ನನಗೆ ಕಂಬಳಿ ತಂದೋಳು."

"ಭಾರ ಎತ್ತಬಾರದು ಅಂತ ಹೇಳಿದ್ದಾರಲ್ಲ. ಪಕ್ಕದಲ್ಲಿ ನಡಿ."

ಅವನು ಡೀಸಾಳ ಮುಖ ನೋಡಿದ. ಅವಳೂ ಬೇಡವೆಂದು ತಲೆಯಾಡಿಸಿದಳು. ಬೋದಿಲ್ ಹಿಡಿಯನ್ನು ಅವನ ಕೈಯಿಂದ ಬಿಡಿಸಿಕೊಂಡು ತಾನೇ ಹಿಡಿದಳು. ಅವಳು ಕುಳ್ಳಿಯಾದ್ದರಿಂದ ಪೆಟ್ಟಿಗೆ ಆ ಕಡೆ ಸ್ವಲ್ಪ ವಾಲಿತು. ಇಂಗ್ವಾರ್ ಅಂಗೈಯನ್ನು ಮುಚ್ಚಳದ ಮೇಲಿಟ್ಟು, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ, ಚರ್ಚಿನಿಂದ ಬರ್ಚ್ ಮರಗಳ ಕೆಳಗಿನ ಕುಣಿಯವರೆಗೂ ನಡೆದುಬಂದ.