ಕಮಲಾಪುರದ ಗೋಡೆಯ ಮೇಲಿನ ಆರು ರೆಕ್ಕೆಯ ಎತ್ತು

2018ರಲ್ಲಿ ನಾನು ಕಲಬುರಗಿಯಲ್ಲಿ ಪೇಂಟರ್ ಆಗಿದ್ದೆ. ವಯಸ್ಸು ಐವತ್ತೆಂಟು, ಮನೆ ಖೂಬಾ ಪ್ಲಾಟ್ ಬಡಾವಣೆಯಲ್ಲಿ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳು ಕೈಬಿಟ್ಟು ಹೋಗಿದ್ದವು, ಗುಡಿಯ ಗೋಡೆಗಳು ಮಾತ್ರ ಉಳಿದಿದ್ದವು. ಶಿವ, ಪಾರ್ವತಿ, ನಂದಿ ಇವನ್ನೆಲ್ಲ ಕಣ್ಣು ಮುಚ್ಚಿ ಬರೆಯುತ್ತೇನೆ ಎಂಬ ಸೊಕ್ಕು ನನಗಿತ್ತು. ಸುಮ್ಮನೆ ಯಾಕೆ ಮುಚ್ಚಿಡಲಿ, ಸಿಟ್ಟೂ ಮೂಗಿನ ತುದಿಯಲ್ಲೇ ಇತ್ತು.

ಆ ವರ್ಷ ನವೆಂಬರಿನಲ್ಲಿ ಕಮಲಾಪುರದ ಒಂದು ಸಣ್ಣ ಚರ್ಚಿನಿಂದ ಕರೆ ಬಂತು. ಕರೆದವರು ಅಲ್ಲಿಯ ಪಾಸ್ಟರ್ ದೇವದಾಸ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹೋಗಿ ನೋಡಿದೆ, ಪೂಜಾವೇದಿಯ ಹಿಂದೆ ಹದಿನಾಲ್ಕು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಖಾಲಿ ಗೋಡೆ. ಕ್ರಿಸ್‌ಮಸ್ಸಿನೊಳಗೆ ಅದರ ಮೇಲೆ ಸ್ವರ್ಗದ ನಾಲ್ಕು ಜೀವಿಗಳು ಮೂಡಬೇಕು. ಖರ್ಚು ಕೊಟ್ಟು ಬರೆಸುತ್ತಿದ್ದವರು ಮಾರ್ಥಮ್ಮ. ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸ್, ಊರಿನವರ ಬಾಯಲ್ಲಿ ನರ್ಸಬಾಯಿ.

"ಒಂದರ ಮಾರಿ ಸಿಂಹದ್ದು, ಒಂದರದು ಎತ್ತಿಂದು, ಒಂದರದು ಮನಷ್ಯಾರದು, ಇನ್ನೊಂದು ಹಾರೋ ಹದ್ದು," ಎಂದರು ಪಾಸ್ಟರ್. "ಒಂದೊಂದಕ್ಕ ಆರಾರು ರೆಕ್ಕಿ. ಮೈ ತುಂಬ ಕಣ್ಣು."

"ಮೈ ತುಂಬ ಕಣ್ಣಾ? ಸಾಹೇಬ್ರ, ಕೂಸುಗಳು ಅಂಜಿ ಓಡಿ ಹೋಗ್ತಾವ್ರಿ!"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೆಂಚಿನ ಮೇಲೆ ಕೂರಿಸಿ ತಿಳಿಸಿದರು. ಪ್ರವಾದಿ ಎಂದರೆ ದೇವರು ತೋರಿಸಿದ್ದನ್ನು ಜನರಿಗೆ ಹೇಳುವವನು. ಯೆಹೆಜ್ಕೇಲ ಎಂಬ ಪ್ರವಾದಿ ಕಂಡಾಗ ಒಂದೊಂದು ಜೀವಿಗೂ ನಾಲ್ಕು ಮುಖ. ಬಹುಕಾಲದ ನಂತರ ಯೇಸುವಿನ ಶಿಷ್ಯ ಯೋಹಾನ ಕಂಡಾಗ ಒಂದೊಂದಕ್ಕೆ ಒಂದೇ ಮುಖ. ಅಡವಿಯ ಪ್ರಾಣಿಗಳ ಪರವಾಗಿ ಸಿಂಹ, ಸಾಕಿದ ಪ್ರಾಣಿಗಳ ಪರವಾಗಿ ಎತ್ತು, ಹಕ್ಕಿಗಳ ಪರವಾಗಿ ಹದ್ದು, ನಮ್ಮೆಲ್ಲರ ಪರವಾಗಿ ಮನುಷ್ಯ. ಇಡೀ ಸೃಷ್ಟಿಯೇ ದೇವರ ಸಿಂಹಾಸನದ ಸುತ್ತ ನಿಂತಂತೆ. ಕ್ರಿಸ್ತನ ಬದುಕನ್ನು ಬರೆದ ನಾಲ್ವರಿಗೂ ಇವೇ ಗುರುತು, ಎತ್ತು ಲೂಕನದು, ಬಲಿಯ ಮತ್ತು ದುಡಿಮೆಯ ಗುರುತು. ಕಣ್ಣುಗಳೆಂದರೆ ದೇವರಿಗೆ ಮರೆಯಾದದ್ದು ಏನೂ ಇಲ್ಲ ಎಂದು. ನನಗೆ ಎತ್ತಿನ ಮಾತು ಹಿಡಿಸಿತು. ಸಿಂಹಾಸನದ ಪಕ್ಕದಲ್ಲೇ ನಮ್ಮ ಎತ್ತು!

ಯೋಹಾನನ ದರ್ಶನದಂತೆ ಬರೆಯುವುದೆಂದು ನಿಶ್ಚಯವಾಯಿತು. ಗೋಡೆಗೆ ಪುಟ್ಟಿ ಹಚ್ಚಿ, ಪ್ರೈಮರ್ ಹೊಡೆದು, ಕಾಗದದ ಸಣ್ಣ ಚಿತ್ರವನ್ನು ದೊಡ್ಡದು ಮಾಡಲು ಒಂದೊಂದು ಅಡಿಗೆ ಚೌಕ ಎಳೆದೆ. ಹದಿನೆಂಟು ದಿನಗಳಲ್ಲಿ ನಾಲ್ಕೂ ಎದ್ದು ನಿಂತವು, ಕಣ್ಣುಗಳೊಂದು ಬಿಟ್ಟು. ಭಾನುವಾರ ಸಭೆಯವರೆಲ್ಲ ನೋಡಲು ಬಂದರು. ನಾನು ಶಹಬ್ಬಾಸ್ ಕೇಳಲು ಕಿವಿ ನಿಮಿರಿಸಿ ನಿಂತಿದ್ದೆ. ಎಲ್ಲರ ನೋಟ ಎತ್ತಿನ ಮೇಲೇ ನಿಂತಿತು.

ಚರ್ಚಿನ ಕಮಿಟಿಯ ಹಿರಿಯರಾದ ರತ್ನಪ್ಪ ಮುಂದೆ ಬಂದರು. "ಪೇಂಟರ್ ಸಾಹೇಬ್ರ, ನಮ್ಮ ಎತ್ತಿನ ಹಣಿಗಿ ವಿಭೂತಿ ಯಾಕ ಹಚ್ಚೀರಿ?"

ತಿರುಗಿ ನೋಡಿದೆ. ಅಯ್ಯೋ ಶಿವನೆ! ಎತ್ತಿನ ಹಣೆಯ ಮೇಲೆ ಅಡ್ಡಡ್ಡ ಮೂರು ಬಿಳಿ ಗೆರೆ. ಬೆಳಕು ಕೊಡಲೆಂದು ಬಿಳಿ ಬಣ್ಣ ಅದ್ದಿದ ಕೈ, ನೂರಾರು ನಂದಿಗಳಿಗೆ ಎಳೆದಂತೆ, ತಾನಾಗಿಯೇ ಎಳೆದುಬಿಟ್ಟಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಇದರ ಬದ್ಲಿ ಒಂದು ಫ್ಲೆಕ್ಸ್ ಹಾಕಿದ್ರ ಆಗ್ತಿತ್ತು," ಎಂದರು. ಫ್ಲೆಕ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಕೆಟ್ಟಿತು. "ಹಾಕ್ಕೋರಿ! ನಿಮಗ ಅದಾ ಲಾಯಕ್ಕು!" ಎಂದು ಕೂಗಿ, ಬ್ರಷ್ಷು ಡಬ್ಬಿ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಆದರೂ ಪಾಸ್ಟರ್ ಫೋನ್ ಮಾಡಿದಾಗ ಎತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಮಾರ್ಥಮ್ಮ ನಿಂತಿದ್ದರು, ಒಬ್ಬರೇ. ಒಂದು ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು, ಇನ್ನೊಂದು ಕೈ ಗೋಡೆಯ ಮೇಲೆ. ಹೊಸ್ತಿಲನ್ನು ಕಾಲಿನಿಂದ ತಡವಿ ಒಳಗೆ ಬಂದರು. ನನ್ನ ಹೆಂಡತಿ ಓಡಿ ಹೋಗಿ ಕೈ ಹಿಡಿದಳು. ಅವರಿಗೆ ಗ್ಲಾಕೋಮಾ ಎಂದು ಆಗಲೇ ನನಗೆ ತಿಳಿದದ್ದು. ಕಣ್ಣೊಳಗಿನ ಒತ್ತಡದಿಂದ ನರ ಸಾಯುವ ರೋಗ. ನೋಟ ಅಂಚಿನಿಂದ ಒಳಗೊಳಗೆ ಕಿರಿದಾಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ.

"ಈಗ ನನಗ ಅಂಗೈಯಷ್ಟಽ ಕಾಣಸ್ತದರಿ," ಎಂದರು. "ಬ್ಯಾಸಿಗಿ ತನಕ ಅದೂ ಇರಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ. ನಮ್ಮಪ್ಪ ಬಂಡಿ ಹೊಡಿಯಾಂವ ಇದ್ದ. ಓದಾಕ ಬರ್ತಿದ್ದಿಲ್ಲ. ದೇವರ ಬಾಜೂಕ ಎತ್ತು ಅದ ಅಂತ ಪಾದ್ರಿಗೋಳು ಹೇಳಿದ ದಿನ ಅಂವ ಹೊಲದಾಗ ಎತ್ತಿನ ಕೊಳ್ಳಿಗಿ ಬಿದ್ದು ಅತ್ತಿದ್ದ. ಆ ಎತ್ತು ನಾ ಒಮ್ಮೆ ನೋಡಬೇಕ್ರಿ. ಮೂರು ಗೆರಿ ಒರಸಿ ಬಿಡ್ರಿ, ಸಿಟ್ಟು ಮಾಡ್ಕೋಬ್ಯಾಡ್ರಿ."

"ತಪ್ಪು ನಂದ್ರಿ ಬಾಯಾರ," ಎಂದೆ. ನಲವತ್ತು ವರ್ಷದ ಕಸುಬಿನಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು ಎಂದು ಹೆಂಡತಿ ಇಂದಿಗೂ ಚೇಷ್ಟೆ ಮಾಡುತ್ತಾಳೆ.

ಅವರ ಜೊತೆಗೇ ಮುಂದಿನ ಬಸ್ಸಿಗೆ ಹೊರಟೆ. ಹಣೆಯ ಗೆರೆಗಳ ಮೇಲೆ ಕಂದು ಬಣ್ಣ ಹಚ್ಚಿದೆ. ರತ್ನಪ್ಪನವರೇ ಬಣ್ಣದ ಡಬ್ಬಿ ಹಿಡಿದು ನಿಂತರು. "ನಾವೂ ಜರಾ ಜೋರ್ ಮಾತಾಡಿದ್ವಿ ಬಿಡ್ರಿ," ಎಂದರು.

ಮಾರ್ಥಮ್ಮ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡತೊಡಗಿದರು. ಮೊದಲು ಕೊಂಬು, ಆಮೇಲೆ ಕಿವಿ, ಆಮೇಲೆ ರೆಕ್ಕೆಯ ಒಂದೊಂದೇ ಗರಿ. ಕಣ್ಣಿನ ಜಾಗಕ್ಕೆ ಬಂದು ತಡೆದರು. "ಇಲ್ಲಿ ಖಾಲಿ ಅದಲ್ರಿ?"

ಕಣ್ಣು ಬರೆಯುವುದು ಕಡೆಗೆ, ಇದು ನಮ್ಮ ಮನೆತನದ ರೂಢಿ. ಸ್ನಾನ ಮಾಡಿ ಬಂದು ಬರೆಯಬೇಕು, ಆಗ ಚಿತ್ರದ ಎದುರಿಗೆ ಯಾರೂ ನಿಲ್ಲಬಾರದು. ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ ಇಡುತ್ತೇವೆ. ನನ್ನ ಅಪ್ಪ ಇದರಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲ ಬಿಟ್ಟವನಲ್ಲ. ಅದನ್ನೆಲ್ಲ ಹೇಳಿ, "ಬಾಯಾರ, ಜರಾ ಸರೀರಿ, ಕನ್ನಡಿ ಇಡ್ತೀನಿ," ಎಂದೆ.

ಮಾರ್ಥಮ್ಮ ಕದಲಲಿಲ್ಲ.

"ಬರೋ ವರ್ಷ ಇದು ನನಗ ಕಾಣಂಗಿಲ್ಲ. ಅದರ ಮೊದಲ ನೋಟ ನನ್ನ ಮ್ಯಾಲ ಬೀಳ್ಲಿ. ಏನ್ ಆಗ್ತದ ನೋಡೇ ಬಿಡೂಣು."

ಪಾಸ್ಟರ್ ನನ್ನ ಮುಖ ನೋಡಿದರು. ನಾನು ಕನ್ನಡಿಯನ್ನು ಚೀಲಕ್ಕೆ ವಾಪಸ್ ಹಾಕಿ, ಎರಡನೆಯ ನಂಬರಿನ ಸಣ್ಣ ಬ್ರಷ್ ತೆಗೆದುಕೊಂಡೆ. ಅವರು ನನ್ನ ಮೊಣಕೈ ಪಕ್ಕದಲ್ಲೇ ನಿಂತಿದ್ದರು. ಬಲಗಣ್ಣು, ಎಡಗಣ್ಣು, ಆಮೇಲೆ ಕಪ್ಪಿನೊಳಗೆ ಬೆಳಕಿನ ಚುಕ್ಕೆ. ಅವರು ಎವೆ ಮುಚ್ಚದೆ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, "ಖರೆನೇ ನಮ್ಮಪ್ಪನ ಎತ್ತಿನಂಗ ಅದ," ಎಂದರು. ರೆಕ್ಕೆಗಳ ಕಣ್ಣುಗಳನ್ನು ಮುಗಿಸಲು ನನಗೆ ಇನ್ನೂ ಆರು ದಿನ ಹಿಡಿಯಿತು.

ಈಗ ಅವರಿಗೆ ಏನೂ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಬಣ್ಣ ನೋಡಿಕೊಂಡು ಬರುವ ನೆಪದಲ್ಲಿ ಕಮಲಾಪುರಕ್ಕೆ ಹೋಗುತ್ತೇನೆ. ಅವರು ಎತ್ತಿನ ನೇರಕ್ಕೆ, ಮೊದಲ ಬೆಂಚಿನಲ್ಲೇ ಕೂರುತ್ತಾರೆ. ನಲವತ್ತು ವರ್ಷ ನಾನು ಜನ ನನ್ನ ಕೆಲಸವನ್ನು ನೋಡಲಿ, ಹೊಗಳಲಿ ಎಂದೇ ಬರೆದವನು. ಯಾರಿಗಾಗಿ ಬರೆಯುತ್ತೇವೋ ಅವರನ್ನು ಮೊದಲು ನೋಡಬೇಕು ಎಂಬುದನ್ನು ಕಸುಬು ನನಗೆ ಕಲಿಸಿದ್ದು ಆ ಗೋಡೆಯ ಮುಂದೆ. ಹೋದ ಸಲ ತಡೆಯಲಾರದೆ ಕೇಳಿಯೇ ಬಿಟ್ಟೆ: "ಬಾಯಾರ, ಕಾಣದಿದ್ರೂ ಇಲ್ಲೇ ಯಾಕ ಕೂಡ್ತೀರಿ?"

"ನನಗ ಕಾಣದಿದ್ರ ಏನಾತು," ಎಂದರು. "ಅದಕ್ಕ ನಾ ಕಾಣ್ತೀನಲ್ರಿ."