ಸೌಟು ಹಿಡಿದ ಗೂಢಚಾರ

ಮಧ್ಯಾಹ್ನ ಮೂರೂವರೆಗೆ ಗಿರಾಕಿಗಳು ಕರಗಿದ ಮೇಲೆ, ಅಂಧೇರಿಯ ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಐತ ಕೈತೊಳೆದು ಮೂಲೆಯಲ್ಲಿ ಕುಳಿತ. ಅವನು ಆಟ ಶುರು ಮಾಡಲಿ ಎಂದು ಅಡುಗೆಮನೆಯವರೆಲ್ಲ ಕಾಯುತ್ತಿದ್ದರು. ಹತ್ತು ವರ್ಷಗಳಿಂದ ಇಂಗ್ಲಿಷ್ ಗೂಢಚಾರನ ಪ್ರತಿ ಸಿನಿಮಾವನ್ನೂ ರಜೆಯ ದಿನ ನೋಡಿ ಬಂದು, ಸೌಟನ್ನೇ ಪಿಸ್ತೂಲು ಮಾಡಿಕೊಂಡು ಆಡಿ ತೋರಿಸುತ್ತಿದ್ದವನು ಅವನು. ಅವನಿಗೆ ಇಂಗ್ಲಿಷ್ ಬಾರದು, ಮಾತೆಲ್ಲ ಸ್ವಂತದ್ದು.

ಈ ಸಲದ ಸಿನಿಮಾದಲ್ಲಿ ಹೀರೋ ಬದಲಾಗಿದ್ದ.

"ಪೋಸ್ಟರ್ ನೋಡಿದೆ. ಬ್ಯಾಂಕಿನ ಮ್ಯಾನೇಜರನ ಹಾಗೆ ಉಂಟು ಮುಖ. ನಾನು ಹೋಗುವುದಿಲ್ಲ," ಎಂದ ಐತ.

"ಹಾಗಾದ್ರೆ ನಾನು ತೋರಿಸ್ತೇನೆ. ನಿನ್ನೆ ನೋಡಿ ಬಂದೆ," ಎಂದು ದೋಸೆ ಹಾಕುವ ದೂಮಣ್ಣ ಸೌಟು ಎತ್ತಿಕೊಂಡು, ದೊಡ್ಡ ಹೊಟ್ಟೆಯ ಸಮೇತ ಬೆಲ್ಲದ ಡಬ್ಬದ ಹಿಂದೆ ಅಡಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಐತನ ಮುಖ ಸಪ್ಪಗಾಯಿತು. ಹತ್ತು ವರ್ಷದ ಪಾತ್ರ ಕೈತಪ್ಪುತ್ತಿತ್ತು.

"ಗೂಢಚಾರ ಇಷ್ಟು ಏದುಸಿರು ಬಿಡ್ತಾನಾ ಮಾರಾಯ?" ಎಂದು ಕೇಳಿದ.

"ಹೊಸಬ ಬಿಡ್ತಾನೆ," ಎಂದ ದೂಮಣ್ಣ.

ಕಾಯಿ ತುರಿಯುತ್ತಿದ್ದ ತ್ಯಾಂಪ ತಲೆ ಎತ್ತಿದ. "ಹೊಸಬ, ಹಳಬ ಎಲ್ಲ ನಮಗೆಂತ ಗೊತ್ತು? ನಾವು ಇಬ್ಬರನ್ನೂ ನೋಡಿದವರಲ್ಲ. ನಮ್ಮ ಹೀರೋ ಐತಣ್ಣನೇ. ದೂಮಣ್ಣ, ನೀನು ವಿಲನ್ ಆಗು. ಆ ಹೊಟ್ಟೆಗೆ ಅದೇ ಸರಿ!"

ಐತ ಎದ್ದು ಸೌಟು ಕಿತ್ತುಕೊಂಡ. ತಾನು ನೋಡದ ಸಿನಿಮಾವನ್ನು ಮುಕ್ಕಾಲು ಗಂಟೆ ಆಡಿದ. ಅಷ್ಟರಲ್ಲಿ ದೂಮಣ್ಣ ಮೂರು ಸಲ ಸತ್ತ.

ಗುರುವಾರ ಐತನಿಗೆ ರಜೆ. ಲೋಕಲ್ ರೈಲು ಹಿಡಿದು ಹೊಸಬನ ಸಿನಿಮಾಕ್ಕೆ ಹೋದ.